ಒಂದು ತಂತಿ ಕಡಿದರೆ ಇನ್ನೊಂದು: ಮನೆಯ ಅಂತರಜಾಲಕ್ಕೆ ಪರ್ಯಾಯ ದಾರಿ

ಬೇಗೂರು: ಕೊಳವೆಬಾವಿಯನ್ನು ನಂಬಿ ಅರಿಶಿನ, ಬಾಳೆ ಹಾಕುವ ಗುಂಡ್ಲುಪೇಟೆ ತಾಲ್ಲೂಕಿನ ರೈತನಿಗೆ ಒಂದೇ ಬಾವಿಯ ಭರವಸೆ ಎಷ್ಟು ದುರ್ಬಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅನುಕೂಲವುಳ್ಳವರು ಎರಡನೆಯ ಬಾವಿ ಕೊರೆಸುತ್ತಾರೆ. ಆದರೆ ಮೊದಲ ಬಾವಿಯ ಪಕ್ಕದಲ್ಲಿಯೇ ಕೊರೆಸಿದ ಎರಡನೆಯ ಬಾವಿ, ಕಡು ಬೇಸಿಗೆಯಲ್ಲಿ ಮೊದಲನೆಯದರೊಡನೆಯೇ ಬತ್ತುತ್ತದೆ. ಎರಡೂ ಮೋಟಾರುಗಳಿಗೆ ಒಂದೇ ಟ್ರಾನ್ಸ್‌ಫಾರ್ಮರ್ ಇದ್ದರೆ, ಅದು ಸುಟ್ಟ ದಿನ ಎರಡೂ ಏಕಕಾಲಕ್ಕೆ ನಿಲ್ಲುತ್ತವೆ. ಬಾವಿ ಎರಡಾದರೂ ನೀರಿನ ಮೂಲ ಒಂದೇ, ವಿದ್ಯುತ್ತಿನ ಮೂಲ ಒಂದೇ ಎಂಬುದು ಆಗ ಅರಿವಿಗೆ ಬರುತ್ತದೆ.

ಮನೆಯ ಅಂತರಜಾಲ ಸಂಪರ್ಕದ ವಿಷಯವೂ ಇದಕ್ಕಿಂತ ಬೇರೆಯಲ್ಲ. ಒಂದು ಸಂಪರ್ಕ ಕೈಕೊಟ್ಟಾಗ ಇನ್ನೊಂದು ಇರಲೆಂದು ಎರಡು ಸಂಪರ್ಕಗಳನ್ನು ಇಟ್ಟುಕೊಳ್ಳುವ ಪದ್ಧತಿ ಹಿಂದೆ ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳಿಗೆ ಸೀಮಿತವಾಗಿತ್ತು. ಈಗ ಅದು ಮನೆಗಳಿಗೂ ಬಂದಿದೆ. ಆದರೆ ಎರಡು ಬಿಲ್ಲು ಕಟ್ಟಿದ ಮಾತ್ರಕ್ಕೆ ಎರಡು ದಾರಿ ಸಿಕ್ಕಿತೆಂದು ಅರ್ಥವಲ್ಲ. ಎರಡೂ ಸಂಪರ್ಕಗಳು ಎಲ್ಲಿಯಾದರೂ ಒಂದನ್ನೇ ಅವಲಂಬಿಸಿವೆಯೇ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು.

ಯಾಕೆ ಈ ಚಿಂತೆ?

ಮೈಸೂರು–ಗುಂಡ್ಲುಪೇಟೆ ಹೆದ್ದಾರಿಯ ಮೇಲಿರುವ ಬೇಗೂರು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ಜನರು ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಹೋಬಳಿಯ ನಾಡಕಚೇರಿಗೆ, ಪಹಣಿಗೆ ಗಣಕಯಂತ್ರಕ್ಕೆ, ಪಡಿತರಕ್ಕೆ ಬೆರಳಚ್ಚಿನ ಯಂತ್ರಕ್ಕೆ ಕೈ ಒಡ್ಡಬೇಕು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ರಾಜ್ಯದ ಯಾವ ಹಳ್ಳಿಗನಿಗೂ ಹೊಸದಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವನಿಗೆ ಆ ಉತ್ತರದ ಬೆಲೆ ಒಂದು ದಿನದ ಕೂಲಿಯೇ ಆಗಿರುತ್ತದೆ.

ಮನೆಯೊಳಗೂ ಪರಿಸ್ಥಿತಿ ಬದಲಾಗಿದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದ ಮೇಲೆ ಪಾಠ ಮೊಬೈಲಿಗೆ ಬಂತು. ಬೆಂಗಳೂರಿನ ಕಂಪನಿಗಳ ಉದ್ಯೋಗಿಗಳು ಊರಿಗೆ ಮರಳಿ ಜಗಲಿಯಲ್ಲಿ ಕುಳಿತು ಕೆಲಸ ಮಾಡಿದರು. 2021ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನಲ್ಲಿ ಸುರಿಯುವ ಮಳೆಯ ನಡುವೆ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಬಾಲಕಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಮನೆಯಲ್ಲಿ ಸಿಗ್ನಲ್ ಇಲ್ಲದ್ದೇ ಅದಕ್ಕೆ ಕಾರಣ. ಆ ದಿನಗಳು ಕಳೆದಿವೆ. ಆದರೆ ವೃತ್ತಿಶಿಕ್ಷಣ ಕಾಲೇಜಿನ ಆಯ್ಕೆ ನಮೂದು, ಉದ್ಯೋಗದ ಅರ್ಜಿ, ವಿದ್ಯಾರ್ಥಿವೇತನ, ಬೆಳೆ ವಿಮೆ, ಹಣ ಪಾವತಿ ಎಲ್ಲವೂ ಅಂತರಜಾಲದ ಮೂಲಕವೇ ನಡೆಯುತ್ತಿವೆ. ಅರ್ಜಿಗೆ ಕೊನೆಯ ದಿನಾಂಕವಿರುತ್ತದೆ. ತಂತಿ ಕಡಿದದ್ದಕ್ಕೆ ವಿನಾಯಿತಿ ಇರುವುದಿಲ್ಲ.

ನಡೆದು ಬಂದ ದಾರಿ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ಆಗಿನ ವಿದೇಶ ಸಂಚಾರ ನಿಗಮದ ಮೂಲಕ. ದೂರವಾಣಿ ತಂತಿಯ ಮೇಲೆ ಸಂಖ್ಯೆ ಒತ್ತಿ ಸಂಪರ್ಕ ಪಡೆಯಬೇಕಿದ್ದ ಕಾಲ ಅದು. ಅಂತರಜಾಲ ನಡೆಯುತ್ತಿರುವಾಗ ದೂರವಾಣಿ ಮಾತು ಸಾಧ್ಯವಿರಲಿಲ್ಲ. ಕೇಂದ್ರ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್‌ನ ಬ್ರಾಡ್‌ಬ್ಯಾಂಡ್ ಸೇವೆ ಆರಂಭವಾಯಿತು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಕನಿಷ್ಠ ವೇಗದ ವ್ಯಾಖ್ಯೆಯನ್ನು 2 ಮೆಗಾಬಿಟ್‌ಗೆ ಏರಿಸಿತು.

ವೇಗ ಹೆಚ್ಚಿದಂತೆ ಅವಲಂಬನೆಯೂ ಹೆಚ್ಚಿತು. ತಾಮ್ರದ ತಂತಿಯ ದಿನಗಳಲ್ಲಿ ಅಂತರಜಾಲ ಒಂದು ವಾರ ಇಲ್ಲದಿದ್ದರೂ ಮನೆಯ ವ್ಯವಹಾರ ನಿಲ್ಲುತ್ತಿರಲಿಲ್ಲ. ಇಂದು ಒಂದು ಗಂಟೆ ಇಲ್ಲದಿದ್ದರೆ ಅಂಗಡಿಯಲ್ಲಿ ಗಿರಾಕಿಯಿಂದ ಹಣ ಪಡೆಯುವುದೂ ಕಷ್ಟವಾಗುತ್ತದೆ.

ಕೊಂಡಿಗಳು ಎಲ್ಲೆಲ್ಲಿ?

ಮನೆಯಿಂದ ಹೊರಟ ಸಂದೇಶ ಗುರಿ ಮುಟ್ಟುವ ಮೊದಲು ಹಲವು ಕೊಂಡಿಗಳನ್ನು ದಾಟುತ್ತದೆ. ಮೊದಲನೆಯದು ಮನೆಯೊಳಗಿನ ರೌಟರ್ ಮತ್ತು ಅದಕ್ಕೆ ಬೇಕಾದ ವಿದ್ಯುತ್ತು. ಎರಡನೆಯದು ಮನೆಯಿಂದ ಹತ್ತಿರದ ವಿನಿಮಯ ಕೇಂದ್ರದವರೆಗಿನ ತಂತಿ, ಇಲ್ಲವೇ ಮೊಬೈಲ್ ಗೋಪುರದವರೆಗಿನ ತರಂಗ. ಮೂರನೆಯದು ಆ ಕೇಂದ್ರ ಅಥವಾ ಗೋಪುರದಿಂದ ನಗರದತ್ತ ಹೋಗುವ ದೊಡ್ಡ ಆಪ್ಟಿಕಲ್ ಫೈಬರ್. ನಾಲ್ಕನೆಯದು ಸೇವೆ ನೀಡುವ ಕಂಪನಿಯ ಒಳಜಾಲ. ಕೊನೆಯದು ಆಚೆ ತುದಿಯಲ್ಲಿರುವ ಬ್ಯಾಂಕಿನ ಅಥವಾ ಇಲಾಖೆಯ ಗಣಕಯಂತ್ರ.

ಇವುಗಳಲ್ಲಿ ಯಾವುದು ಕಡಿದರೂ ಬಳಕೆದಾರನಿಗೆ ಕಾಣುವುದು ಒಂದೇ: ‘ನೆಟ್ ಇಲ್ಲ’. ಆದರೆ ಪರಿಹಾರ ಬೇರೆ ಬೇರೆ. ಎರಡನೆಯ ಸಂಪರ್ಕ ಪಡೆಯುವ ಮುನ್ನ ಮೊದಲನೆಯದು ಸಾಮಾನ್ಯವಾಗಿ ಎಲ್ಲಿ ಕಡಿಯುತ್ತಿದೆ ಎಂದು ತಿಳಿಯುವುದು ಒಳ್ಳೆಯದು.

ಫೈಬರ್ ಸಂಪರ್ಕವಿರುವ ಮನೆಯ ಪೆಟ್ಟಿಗೆಯ ಮೇಲೆ ‘ಪಿಒಎನ್’ ಮತ್ತು ‘ಎಲ್ಒಎಸ್’ ಎಂಬ ಎರಡು ದೀಪಗಳಿರುತ್ತವೆ. ಎಲ್ಒಎಸ್ ದೀಪ ಕೆಂಪಗೆ ಉರಿದರೆ ಫೈಬರಿನಲ್ಲಿ ಬರಬೇಕಾದ ಬೆಳಕು ಮನೆಗೆ ತಲುಪುತ್ತಿಲ್ಲವೆಂದು ಅರ್ಥ. ತಂತಿ ಎಲ್ಲೋ ತುಂಡಾಗಿದೆ, ಬಾಗಿದೆ ಅಥವಾ ಕೇಂದ್ರದ ಯಂತ್ರ ನಿಂತಿದೆ. ಆ ದೀಪ ಆರಿದ್ದು, ಪಿಒಎನ್ ಹಸಿರಾಗಿದ್ದರೂ ಜಾಲತಾಣಗಳು ತೆರೆಯದಿದ್ದರೆ ದೋಷ ಕೇಂದ್ರದಿಂದ ಆಚೆಗೆ ಇರುವ ಸಾಧ್ಯತೆ ಹೆಚ್ಚು. ಯಾವ ದೀಪವೂ ಇಲ್ಲದಿದ್ದರೆ ದೋಷ ವಿದ್ಯುತ್ತಿನದು ಅಥವಾ ಅಡಾಪ್ಟರಿನದು. ಒಂದು ತಿಂಗಳ ಕಾಲ ಸಂಪರ್ಕ ಕಡಿದಾಗಲೆಲ್ಲ ದಿನಾಂಕ, ಸಮಯ, ದೀಪದ ಬಣ್ಣ ಬರೆದಿಟ್ಟರೆ, ದೂರು ಕೊಡುವಾಗಲೂ ಪರ್ಯಾಯ ಆರಿಸುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಲೆಕ್ಕ ಏನು ಹೇಳುತ್ತದೆ?

ಒಂದು ಸಂಪರ್ಕ ನೂರಕ್ಕೆ 99ರಷ್ಟು ಕಾಲ ಸರಿಯಾಗಿರುತ್ತದೆ ಎಂದುಕೊಳ್ಳೋಣ. ಕೇಳಲು ಚೆನ್ನಾಗಿದೆ. ಆದರೆ ವರ್ಷದ 8,760 ಗಂಟೆಗಳಲ್ಲಿ ನೂರಕ್ಕೆ ಒಂದು ಎಂದರೆ 87.6 ಗಂಟೆ, ಅಂದರೆ ಮೂರೂವರೆ ದಿನಕ್ಕಿಂತ ಹೆಚ್ಚು. ಅಷ್ಟೇ ಗುಣಮಟ್ಟದ ಇನ್ನೊಂದು ಸಂಪರ್ಕವಿದ್ದು, ಎರಡರ ದೋಷಗಳಿಗೂ ಪರಸ್ಪರ ಸಂಬಂಧವೇ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಕೆಡುವ ಸಂಭವ ಹತ್ತು ಸಾವಿರಕ್ಕೆ ಒಂದು. ವರ್ಷಕ್ಕೆ ಸುಮಾರು 53 ನಿಮಿಷ ಮಾತ್ರ.

ಈ ಲೆಕ್ಕದ ಬಲವೆಲ್ಲ ‘ಪರಸ್ಪರ ಸಂಬಂಧವಿಲ್ಲದಿದ್ದರೆ’ ಎಂಬ ಮಾತಿನಲ್ಲಿದೆ. ಎರಡೂ ತಂತಿಗಳು ಒಂದೇ ಕಂಬದ ಮೇಲೆ ಬಂದಿದ್ದರೆ, ಆ ಕಂಬಕ್ಕೆ ಲಾರಿ ಗುದ್ದಿದ ದಿನ ಲೆಕ್ಕ ಸುಳ್ಳಾಗುತ್ತದೆ. ಎರಡು ಬೇರೆ ಕಂಪನಿಗಳ ಸಿಮ್ ಇದ್ದರೂ ಎರಡರ ಉಪಕರಣಗಳು ಒಂದೇ ಗೋಪುರದ ಮೇಲಿರಬಹುದು. ಒಂದು ಗೋಪುರವನ್ನು ಹಲವು ಕಂಪನಿಗಳು ಹಂಚಿಕೊಳ್ಳುವುದು ನಮ್ಮ ದೇಶದಲ್ಲಿ ಸಾಮಾನ್ಯ. ಗೋಪುರದ ಬ್ಯಾಟರಿ ಮುಗಿದರೆ ಎರಡೂ ಸಿಮ್‌ಗಳು ಮೂಕವಾಗುತ್ತವೆ. ಹೆದ್ದಾರಿ ಬದಿಯಲ್ಲಿ ಜೆಸಿಬಿ ಯಂತ್ರ ಮಣ್ಣು ಅಗೆಯುವಾಗ ಒಂದೇ ಕಾಲುವೆಯಲ್ಲಿ ಮಲಗಿರುವ ಎರಡು ಫೈಬರ್‌ಗಳು ಒಂದೇ ಏಟಿಗೆ ತುಂಡಾಗುತ್ತವೆ. ನೆಲ ಅಗೆಯುವವರು ಮೊದಲೇ ಮಾಹಿತಿ ಪಡೆದು ಕೇಬಲ್ ಉಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ತಂತ್ರಾಂಶವನ್ನೇ ಬಿಡುಗಡೆ ಮಾಡಬೇಕಾಯಿತು ಎಂಬುದು ಈ ಹಾನಿ ಎಷ್ಟು ವ್ಯಾಪಕವೆಂಬುದಕ್ಕೆ ಸಾಕ್ಷಿ.

ಕೆನಡಾ ಕಲಿಸಿದ ಪಾಠ

ಒಂದೇ ಕಂಪನಿಯಿಂದ ಮನೆಯ ಫೈಬರ್ ಮತ್ತು ಮೊಬೈಲ್ ಎರಡನ್ನೂ ಪಡೆದರೆ ಅಗ್ಗವಾಗುತ್ತದೆ; ಬಿಲ್ಲೂ ಒಂದೇ. ಆದರೆ ಅದು ಪರ್ಯಾಯವಾಗುತ್ತದೆಯೇ? ಈ ಪ್ರಶ್ನೆಗೆ 2022ರ ಜುಲೈ 8ರಂದು ಕೆನಡಾದಲ್ಲಿ ಉತ್ತರ ದೊರೆಯಿತು. ಅಂದು ಅಲ್ಲಿನ ದೊಡ್ಡ ದೂರಸಂಪರ್ಕ ಕಂಪನಿಗಳಲ್ಲಿ ಒಂದಾದ ರೋಜರ್ಸ್‌ನ ಜಾಲ, ಒಳಜಾಲದ ಸುಧಾರಣೆಯ ವೇಳೆ ರೌಟರ್ ಸಂಯೋಜನೆಯಲ್ಲಿ ಆದ ಒಂದು ತಪ್ಪಿನಿಂದ ಕುಸಿಯಿತು. 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ತುರ್ತು ಕರೆ 911ಕ್ಕೂ ಅನೇಕರಿಗೆ ಸಂಪರ್ಕ ಸಿಗಲಿಲ್ಲ. ಕಾರ್ಡಿನಲ್ಲಿ ಹಣ ಪಾವತಿಸುವ ಇಂಟರ್ಯಾಕ್ ವ್ಯವಸ್ಥೆಯೂ ನಿಂತಿತು.

ಗಮನಿಸಬೇಕಾದ ಸಂಗತಿಯೆಂದರೆ, ಆ ಕಂಪನಿಯ ಮನೆ ಸಂಪರ್ಕ ಮತ್ತು ಮೊಬೈಲ್ ಸಂಪರ್ಕ ಎರಡೂ ಒಳಗೆ ಒಂದೇ ಕೇಂದ್ರ ಜಾಲವನ್ನು ಹಂಚಿಕೊಂಡಿದ್ದವು. ಹೀಗಾಗಿ ಮನೆಯ ನೆಟ್ ಹೋದಾಗ ಮೊಬೈಲಿಗೆ ತಿರುಗಿದವರಿಗೆ ಅಲ್ಲಿಯೂ ಏನೂ ಇರಲಿಲ್ಲ. ದುರಸ್ತಿಗೆ ಹೊರಟ ಕಂಪನಿಯ ಸ್ವಂತ ಸಿಬ್ಬಂದಿಗೂ ಪರಸ್ಪರ ಮಾತನಾಡುವುದು ಕಷ್ಟವಾಯಿತು. ಕೇಂದ್ರ ಜಾಲಗಳನ್ನು ಬೇರ್ಪಡಿಸುವುದಾಗಿ ಕಂಪನಿ ಬಳಿಕ ಪ್ರಕಟಿಸಿತು. ಇಂಟರ್ಯಾಕ್ ಸಂಸ್ಥೆ ಇನ್ನೊಂದು ಕಂಪನಿಯ ಸಂಪರ್ಕವನ್ನೂ ಸೇರಿಸಿಕೊಳ್ಳುವುದಾಗಿ ತಿಳಿಸಿತು. ಕಂಪನಿ ಬೇರೆಯಾಗಿರಬೇಕು, ಮಾಧ್ಯಮವೂ ಬೇರೆಯಾಗಿರಬೇಕು ಎಂಬುದು ಇದರ ಸಾರ.

ಸಮುದ್ರದಾಳದಲ್ಲಿಯೂ ಇದೇ ನಿಯಮ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಸಮುದ್ರ ಕೇಬಲ್‌ಗಳು ಏಕಕಾಲಕ್ಕೆ ತುಂಡಾದಾಗ ಭಾರತದಲ್ಲಿ ಅಂತರಜಾಲ ತೀವ್ರವಾಗಿ ನಿಧಾನವಾಯಿತು. ಕೇಬಲ್ ಎರಡಿದ್ದರೂ ಹಾದಿ ಒಂದೇ ಆಗಿತ್ತು. ಪೂರ್ವಕ್ಕೆ, ಶಾಂತಸಾಗರದ ಕಡೆಯಿಂದಲೂ ದಾರಿ ಇಟ್ಟುಕೊಂಡಿದ್ದವರು ಕೆಲಸ ಮುಂದುವರಿಸಿದರು.

ಹೋಬಳಿಯ ಮನೆಗೆ ಯಾವುದು ಸೂಕ್ತ?

ಮೊದಲ ಸಂಪರ್ಕ ಫೈಬರ್ ಆಗಿದ್ದರೆ ಎರಡನೆಯದು ಬೇರೆ ಕಂಪನಿಯ ಮೊಬೈಲ್ ತರಂಗವಾಗಿರುವುದು ಹಳ್ಳಿಗೂ ಸಣ್ಣ ಪಟ್ಟಣಕ್ಕೂ ಅತ್ಯಂತ ಸುಲಭದ ಜೋಡಿ. ಒಂದು ನೆಲದಲ್ಲಿ ಅಥವಾ ಕಂಬದ ಮೇಲೆ ಬರುತ್ತದೆ, ಇನ್ನೊಂದು ಗಾಳಿಯಲ್ಲಿ. ಫೈಬರ್ ಇಲ್ಲದ ತೋಟದ ಮನೆಗಳಲ್ಲಿ ಎರಡು ಬೇರೆ ಕಂಪನಿಗಳ ಸಿಮ್ ಬಳಸಬಹುದು. ಆದರೆ ಅವು ಬೇರೆ ಬೇರೆ ಗೋಪುರಗಳಿಂದ ಬರುತ್ತಿವೆಯೇ ಎಂದು ನೋಡಬೇಕು. ವಿದ್ಯುತ್ ಹೋದ ದಿನ ಎರಡೂ ಒಟ್ಟಿಗೆ ಮಾಯವಾಗುತ್ತಿದ್ದರೆ ಉತ್ತರ ಅಲ್ಲಿಯೇ ಇದೆ. ಮನೆಯ ಮೇಲೆ ಗ್ರಾಹಕ ಉಪಕರಣ ಅಳವಡಿಸಿ ತರಂಗದ ಮೂಲಕವೇ ಬ್ರಾಡ್‌ಬ್ಯಾಂಡ್ ಕೊಡುವ ಸೇವೆಗಳೂ 2023ರಿಂದ ದೇಶದಲ್ಲಿ ಹರಡಿವೆ. ಹೆಸರಿನಲ್ಲಿ ‘ಫೈಬರ್’ ಎಂದಿದ್ದರೂ ಇವು ಬಳಸುವುದು ಗೋಪುರವನ್ನೇ ಎಂಬುದನ್ನು ಮರೆಯಬಾರದು. ಅದೇ ಕಂಪನಿಯ ಸಿಮ್ ಇದಕ್ಕೆ ಪರ್ಯಾಯವಾಗದು.

ಎರಡನೆಯ ಸಂಪರ್ಕ ಮೊದಲನೆಯದರಷ್ಟು ವೇಗವಾಗಿರಬೇಕಾಗಿಲ್ಲ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ನಿರಂತರ ಬಳಸಿದರೆ ಖರ್ಚಾಗುವುದು 450 ಮೆಗಾಬೈಟ್. ಅರ್ಜಿ ತುಂಬಲು, ಹಣ ಕಳುಹಿಸಲು, ಚಿತ್ರ ನಿಲ್ಲಿಸಿ ಧ್ವನಿ ಮಾತ್ರ ಇಟ್ಟುಕೊಂಡು ಸಭೆಯಲ್ಲಿ ಭಾಗವಹಿಸಲು ಅಷ್ಟೂ ಬೇಡ. ಚಲನಚಿತ್ರ ನೋಡುವುದನ್ನು ಮೊದಲ ಸಂಪರ್ಕ ಮರಳುವವರೆಗೆ ಮುಂದೂಡಿದರೆ ಸಾಧಾರಣ ಮೊಬೈಲ್ ಯೋಜನೆಯೇ ಸಾಕು.

ಸಿಗ್ನಲ್ ದುರ್ಬಲವಾಗಿರುವ ಮನೆಗಳಲ್ಲಿ ಸಿಮ್ ಹಾಕುವ ರೌಟರನ್ನು ಗೋಪುರದ ದಿಕ್ಕಿನ ಕಿಟಕಿಯ ಬಳಿ ಎತ್ತರದಲ್ಲಿ ಇಡುವುದರಿಂದಲೇ ಬಹಳಷ್ಟು ಸುಧಾರಣೆ ಕಾಣಬಹುದು. ಹೊರ ಆಂಟೆನಾ ಜೋಡಿಸಲು ಅವಕಾಶವಿರುವ ರೌಟರ್‌ಗಳೂ ಇವೆ. ಆದರೆ ಮಾರುಕಟ್ಟೆಯಲ್ಲಿ ಗುಟ್ಟಾಗಿ ಸಿಗುವ ‘ಸಿಗ್ನಲ್ ಬೂಸ್ಟರ್’ ಯಂತ್ರಗಳನ್ನು ಪರವಾನಗಿಯಿಲ್ಲದೆ ಅಳವಡಿಸುವುದು ಕಾನೂನುಬಾಹಿರ. ಅವು ಅಕ್ಕಪಕ್ಕದ ಮನೆಗಳ ಸಿಗ್ನಲನ್ನೂ ಕೆಡಿಸುತ್ತವೆ.

ಬದಲಾಯಿಸುವುದು ಹೇಗೆ?

ಇದಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಖರ್ಚಿಲ್ಲದ್ದು. ಫೈಬರ್ ಹೋದಾಗ ಮೊಬೈಲಿನ ಹಾಟ್‌ಸ್ಪಾಟ್ ತೆರೆದು ಗಣಕಯಂತ್ರವನ್ನು ಅದಕ್ಕೆ ಜೋಡಿಸುವುದು. ಯುಎಸ್‌ಬಿ ತಂತಿಯಲ್ಲಿ ಜೋಡಿಸಿದರೆ ಮೊಬೈಲಿನ ಬ್ಯಾಟರಿಯೂ ಉಳಿಯುತ್ತದೆ. ಹಾಟ್‌ಸ್ಪಾಟಿನ ಹೆಸರು ಮತ್ತು ಗುಪ್ತಪದವನ್ನು ಮೊದಲೇ ಗಣಕಯಂತ್ರದಲ್ಲಿ ಉಳಿಸಿ, ಒಮ್ಮೆ ಪ್ರಯೋಗ ಮಾಡಿಟ್ಟರೆ ತುರ್ತಿನಲ್ಲಿ ತಡಕಾಡಬೇಕಾಗಿಲ್ಲ. ಗಣಕಯಂತ್ರದಲ್ಲಿ ಆ ಸಂಪರ್ಕವನ್ನು ‘ಮಿತ ಬಳಕೆ’ ಎಂದು ಗುರುತಿಸದಿದ್ದರೆ ಹಿನ್ನೆಲೆಯಲ್ಲಿ ನಡೆಯುವ ನವೀಕರಣಗಳೇ ದಿನದ ಡೇಟಾವನ್ನು ನುಂಗಿಬಿಡುತ್ತವೆ.

ಎರಡನೆಯದು, ಎರಡು ಸಂಪರ್ಕಗಳನ್ನು ಸ್ವೀಕರಿಸುವ ರೌಟರ್. ಇದಕ್ಕೆ ಫೈಬರ್ ಪೆಟ್ಟಿಗೆಯಿಂದ ಒಂದು ತಂತಿ, ಇನ್ನೊಂದು ಕಡೆಯಿಂದ ಸಿಮ್ ಅಥವಾ ಎರಡನೆಯ ಕಂಪನಿಯ ತಂತಿ ಸೇರುತ್ತದೆ. ಮೊದಲನೆಯದು ಕೆಟ್ಟಾಗ ರೌಟರ್ ತಾನಾಗಿಯೇ ಎರಡನೆಯದಕ್ಕೆ ಹೊರಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಕೆಲವು ಸೆಕೆಂಡುಗಳಿಂದ ಒಂದು ನಿಮಿಷ ಹಿಡಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲವು ರೌಟರ್‌ಗಳು ತಂತಿ ಜೋಡಣೆಯಾಗಿದೆಯೇ ಎಂಬುದನ್ನು ಮಾತ್ರ ನೋಡುತ್ತವೆ. ಫೈಬರ್ ಹೊರಗೆಲ್ಲೋ ತುಂಡಾಗಿದ್ದರೂ ಮನೆಯೊಳಗಿನ ಪೆಟ್ಟಿಗೆಯಿಂದ ರೌಟರಿಗೆ ಬರುವ ತಂತಿ ಜೀವಂತವಾಗಿಯೇ ಇರುತ್ತದೆ. ರೌಟರ್ ಎಲ್ಲವೂ ಸರಿಯಿದೆಯೆಂದು ತಿಳಿದು ಸುಮ್ಮನಿರುತ್ತದೆ. ಆದ್ದರಿಂದ ಹೊರಗಿನ ಒಂದು ವಿಳಾಸಕ್ಕೆ ಆಗಾಗ ಸಂದೇಶ ಕಳುಹಿಸಿ ಉತ್ತರ ಬಂದಿತೇ ಎಂದು ಪರೀಕ್ಷಿಸುವ ಸೌಲಭ್ಯವಿರುವ ರೌಟರನ್ನೇ ಆರಿಸಬೇಕು. ಆ ಸೌಲಭ್ಯವನ್ನು ಚಾಲೂ ಮಾಡಬೇಕು. ಅಳವಡಿಸಿದ ದಿನವೇ ಫೈಬರಿನ ಕೊನೆಯನ್ನು, ತಂತ್ರಜ್ಞರ ಸಮ್ಮುಖದಲ್ಲಿ, ಪೆಟ್ಟಿಗೆಯಿಂದ ಕಳಚಿ ನೋಡಿದರೆ ಸತ್ಯ ತಿಳಿಯುತ್ತದೆ.

ಮೂರನೆಯದು, ಎರಡೂ ಸಂಪರ್ಕಗಳನ್ನು ಏಕಕಾಲಕ್ಕೆ ಬಳಸುವ ವಿಧಾನ. ಇದರಲ್ಲಿಯೂ ಎರಡು ಬಗೆ. ಮನೆಯ ಒಂದೊಂದು ಕೆಲಸವನ್ನು ಒಂದೊಂದು ಸಂಪರ್ಕಕ್ಕೆ ಹಂಚುವುದು ಒಂದು ಬಗೆ. ಇದರಿಂದ ಯಾವುದೇ ಒಂದು ಕೆಲಸದ ವೇಗ ಇಮ್ಮಡಿಯಾಗುವುದಿಲ್ಲ. ಎರಡನ್ನೂ ನಿಜವಾಗಿ ಹೆಣೆದು ಒಂದೇ ಸಂಪರ್ಕದಂತೆ ಮಾಡಬೇಕಾದರೆ ಆಚೆ ತುದಿಯಲ್ಲಿ ಅವನ್ನು ಮತ್ತೆ ಜೋಡಿಸುವ ಗಣಕಯಂತ್ರ ಬೇಕು. ಅದಕ್ಕೆ ತಿಂಗಳ ಶುಲ್ಕ ತೆರಬೇಕಾಗುತ್ತದೆ. ಸಾಮಾನ್ಯ ಮನೆಗೆ ಎರಡನೆಯ ಮೆಟ್ಟಿಲೇ ಸಾಕು.

ಹೊರಳುವ ಕ್ಷಣದಲ್ಲಿ ನಡೆಯುತ್ತಿರುವ ಕೆಲಸ ಕಡಿಯುವುದು ಸಹಜ. ಮನೆಯ ಅಂತರಜಾಲ ವಿಳಾಸವೇ ಬದಲಾಗುವುದರಿಂದ ಬ್ಯಾಂಕಿನ ಜಾಲತಾಣ ಬಳಕೆದಾರನನ್ನು ಹೊರಹಾಕಬಹುದು. ವಿಡಿಯೋ ಸಭೆ ಮತ್ತೆ ಜೋಡಣೆಯಾಗಬೇಕಾಗಬಹುದು. ಹಣ ಕಳುಹಿಸುತ್ತಿದ್ದಾಗ ಹೀಗಾದರೆ ಕೂಡಲೇ ಎರಡನೆಯ ಬಾರಿ ಕಳುಹಿಸಬಾರದು. ಖಾತೆಯ ವಿವರದಲ್ಲಿ ಮೊದಲ ಪಾವತಿ ಏನಾಯಿತೆಂದು ನೋಡಿಯೇ ಮುಂದುವರಿಯಬೇಕು.

ಕರೆಂಟ್ ಹೋದರೆ?

ಹಳ್ಳಿಗಳಲ್ಲಿ ಅಂತರಜಾಲ ನಿಲ್ಲುವುದಕ್ಕೆ ಅನೇಕ ವೇಳೆ ತಂತಿಗಿಂತ ವಿದ್ಯುತ್ತೇ ಕಾರಣ. ಎರಡು ಸಂಪರ್ಕಗಳಿದ್ದು ರೌಟರಿಗೆ ಬ್ಯಾಟರಿ ಇಲ್ಲದಿದ್ದರೆ ಎರಡೂ ವ್ಯರ್ಥ. ಮೊದಲ ನೂರು ರೂಪಾಯಿಯನ್ನು ಎರಡನೆಯ ಸಂಪರ್ಕಕ್ಕಿಂತ ಬ್ಯಾಟರಿಗೆ ಎತ್ತಿಡುವುದೇ ಜಾಣತನ.

ಮನೆಗೆ ಬರುವ ಫೈಬರ್ ಜಾಲದಲ್ಲಿ ವಿನಿಮಯ ಕೇಂದ್ರದ ಯಂತ್ರಕ್ಕೂ ಮನೆಯ ಪೆಟ್ಟಿಗೆಗೂ ನಡುವೆ ಬೆಳಕನ್ನು ಹಂಚುವ ಕವಲುಗಳಿಗೆ ವಿದ್ಯುತ್ತು ಬೇಕಾಗಿಲ್ಲ. ಹೀಗಾಗಿ ಕೇಂದ್ರದಲ್ಲಿ ಬ್ಯಾಟರಿಯಿದ್ದು, ಮನೆಯಲ್ಲಿಯೂ ಬ್ಯಾಟರಿಯಿದ್ದರೆ, ಊರೆಲ್ಲ ಕತ್ತಲಾಗಿದ್ದರೂ ಫೈಬರ್ ನಡೆಯುತ್ತದೆ. ಮನೆಯ ಪೆಟ್ಟಿಗೆ ಮತ್ತು ರೌಟರ್ ಎರಡೂ ಸೇರಿ 12 ವಾಟ್ ಬಳಸುತ್ತವೆ ಎಂದುಕೊಂಡರೆ, 12 ವೋಲ್ಟಿನ 7 ಆಂಪಿಯರ್-ಗಂಟೆಯ ಬ್ಯಾಟರಿಯ 84 ವಾಟ್-ಗಂಟೆಯಲ್ಲಿ ಸುಮಾರು 50 ಮಾತ್ರ ಬಳಕೆಗೆ ಸಿಕ್ಕರೂ ನಾಲ್ಕು ಗಂಟೆ ಓಡಿಸಬಹುದು. ಇಂಥ ಪೆಟ್ಟಿಗೆಗಳಿಗೆಂದೇ ಸಣ್ಣ ಯುಪಿಎಸ್‌ಗಳು ದೊರೆಯುತ್ತವೆ. ಕೊಳ್ಳುವಾಗ ವೋಲ್ಟೇಜು ಮತ್ತು ಪಿನ್ನಿನ ಅಳತೆ ಹೊಂದುವುದೇ ಎಂದು ನೋಡಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೌಟರಿನ ಪ್ಲಗ್ ಅದರ ಸಾಲಿನಲ್ಲಿದೆಯೇ ಎಂದು ಪರೀಕ್ಷಿಸಿದರೆ ಸಾಕು.

ಗುಡುಗು ಮಿಂಚಿನ ಕಾಲದಲ್ಲಿ ತಾಮ್ರದ ತಂತಿಯ ಮೂಲಕ ಮೋಡೆಮ್ ಸುಡುತ್ತಿದ್ದುದನ್ನು ಹಳೆಯ ಗ್ರಾಹಕರು ಬಲ್ಲರು. ಗಾಜಿನ ಎಳೆಯಾದ ಫೈಬರ್ ಮಿಂಚಿನ ವಿದ್ಯುತ್ತನ್ನು ಹರಿಸುವುದಿಲ್ಲ. ಆದರೆ ಅಡಾಪ್ಟರಿನ ಮೂಲಕ ಬರುವ ಅಪಾಯ ಹಾಗೆಯೇ ಇರುತ್ತದೆ.

ಒಟಿಪಿ ಎಂಬ ತೊಡಕು

ಫೈಬರ್ ಸರಿಯಾಗಿದ್ದು ಮೊಬೈಲ್ ಗೋಪುರ ನಿಂತಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ. ಜಾಲತಾಣ ತೆರೆಯುತ್ತದೆ, ಆದರೆ ಒಟಿಪಿ ಬರುವುದಿಲ್ಲ. ಅರ್ಜಿ ಅರ್ಧಕ್ಕೇ ನಿಲ್ಲುತ್ತದೆ. ಇದಕ್ಕೆ ಒಂದು ಪರಿಹಾರವೆಂದರೆ ವೈಫೈ ಮೂಲಕ ಕರೆ ಮಾಡುವ ಸೌಲಭ್ಯ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ದೇಶದ ದೊಡ್ಡ ಮೊಬೈಲ್ ಕಂಪನಿಗಳು ಇದನ್ನು ಪರಿಚಯಿಸಿದವು. ಮೊಬೈಲಿನ ಸಂಯೋಜನೆಯಲ್ಲಿ ಇದನ್ನು ಚಾಲೂ ಮಾಡಿದರೆ ಗೋಪುರದ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ಕರೆ ನಡೆಯುತ್ತದೆ. ಹಲವು ಮೊಬೈಲ್‌ಗಳಲ್ಲಿ ಎಸ್ಸೆಮ್ಮೆಸ್ ಕೂಡ ಬರುತ್ತದೆ. ತರಂಗ ಫೈಬರಿಗೆ ಆಸರೆಯಾಗುವಂತೆ ಫೈಬರ್ ತರಂಗಕ್ಕೆ ಆಸರೆಯಾಗುವ ಬಗೆ ಇದು. ತಮ್ಮ ಮೊಬೈಲಿನಲ್ಲಿ ಇದು ಕೆಲಸ ಮಾಡುವುದೇ ಎಂಬುದನ್ನು ಕೊನೆಯ ದಿನಾಂಕಕ್ಕೆ ಮೊದಲೇ ನೋಡಿಕೊಳ್ಳುವುದು ಲೇಸು.

ಯಾವುದಕ್ಕೆ ಪರ್ಯಾಯವಿಲ್ಲ?

ಆಚೆ ತುದಿಯೇ ನಿಂತಾಗ ಮನೆಯಲ್ಲಿ ಹತ್ತು ಸಂಪರ್ಕಗಳಿದ್ದರೂ ಪ್ರಯೋಜನವಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತಿದ್ದವು. ಯಾರ ಮನೆಯ ತಂತಿಯೂ ಅಂದು ಕಡಿದಿರಲಿಲ್ಲ. ನಾಡಕಚೇರಿಯ ‘ಸರ್ವರ್ ಇಲ್ಲ’ ಎಂಬ ಮಾತಿನಲ್ಲಿಯೂ ಕೆಲವೊಮ್ಮೆ ದೋಷ ಬೇಗೂರಿನದ್ದಾಗಿರುತ್ತದೆ, ಕೆಲವೊಮ್ಮೆ ರಾಜಧಾನಿಯದ್ದು. ಎರಡನ್ನೂ ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ: ಬೇರೆ ಜಾಲತಾಣ ತೆರೆಯುತ್ತದೆಯೇ ಎಂದು ನೋಡುವುದು. ತೆರೆದರೆ ದೋಷ ಆಚೆಯದು, ಕಾಯುವುದೇ ದಾರಿ.

ಮನೆಗಷ್ಟೇ ಸಾಕೇ?

ಎರಡು ಸಂಪರ್ಕ, ಒಂದು ಬ್ಯಾಟರಿ, ಒಂದು ಹೊಸ ರೌಟರ್. ಸಂಬಳದಾರನಿಗೆ ಇದು ಹೊರೆಯಲ್ಲ. ಕೂಲಿಕಾರನ ಮನೆಗೆ ಒಂದು ಸಂಪರ್ಕವೇ ಹೆಚ್ಚು. ಅವನ ಅಂತರಜಾಲವೆಂದರೆ ಪಂಚಾಯಿತಿ, ನಾಡಕಚೇರಿ, ನ್ಯಾಯಬೆಲೆ ಅಂಗಡಿಗಳ ಸಂಪರ್ಕ. ಆದ್ದರಿಂದ ಪರ್ಯಾಯ ದಾರಿಯ ಮಾತು ಮನೆಯ ಹೊಸ್ತಿಲಿಗೆ ನಿಲ್ಲುವಂಥದ್ದಲ್ಲ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಬಳಿಕ ಅದು ಭಾರತ್‌ನೆಟ್ ಎಂದು ಹೆಸರಾಯಿತು. ಆರಂಭದ ಹಂತಗಳಲ್ಲಿ ಫೈಬರ್ ಬಹುಮಟ್ಟಿಗೆ ಮರದ ಕೊಂಬೆಯಂತೆ, ಒಂದು ಊರಿನಿಂದ ಮುಂದಿನ ಊರಿಗೆ ಸಾಗುತ್ತಿತ್ತು. ಕೊಂಬೆ ಎಲ್ಲಿ ಮುರಿಯಿತೋ ಅಲ್ಲಿಂದಾಚೆಯ ಊರುಗಳೆಲ್ಲ ಕತ್ತಲಾಗುತ್ತಿದ್ದವು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ವೆಚ್ಚದ ಪರಿಷ್ಕೃತ ಯೋಜನೆಗೆ ಅನುಮೋದನೆ ದೊರೆತಾಗ ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಒಂದು, ಕೊಂಬೆಯ ಬದಲು ಬಳೆಯ ಆಕಾರ. ಬಳೆಯಂತೆ ಸುತ್ತಿಬಂದ ಫೈಬರ್ ಒಂದು ಕಡೆ ತುಂಡಾದರೆ ಸಂದೇಶ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಮನೆಯವರು ಎರಡನೆಯ ಸಿಮ್ ಇಟ್ಟುಕೊಳ್ಳುವ ತತ್ವವೇ ಇಲ್ಲಿ ಸರ್ಕಾರದ ಮಟ್ಟದಲ್ಲಿ ಜಾರಿಗೆ ಬಂದಿದೆ.

ಮೊಬೈಲ್ ಗೋಪುರಗಳ ವಿಷಯದಲ್ಲಿಯೂ ಇಂಥ ಯತ್ನ ನಡೆದಿದೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿಗೆ ಅಪ್ಪಳಿಸಿದಾಗ, ಯಾವ ಕಂಪನಿಯ ಗ್ರಾಹಕರಾದರೂ ಲಭ್ಯವಿರುವ ಯಾವುದೇ ಕಂಪನಿಯ ಗೋಪುರ ಬಳಸಲು ದೂರಸಂಪರ್ಕ ಇಲಾಖೆ ಅವಕಾಶ ಮಾಡಿಕೊಟ್ಟಿತ್ತು. 2025ರ ಜನವರಿಯಲ್ಲಿ, ಸರ್ಕಾರದ ನಿಧಿಯಿಂದ ಕಟ್ಟಿದ ಗ್ರಾಮೀಣ 4ಜಿ ಗೋಪುರಗಳನ್ನು ಹಲವು ಕಂಪನಿಗಳ ಗ್ರಾಹಕರು ಹಂಚಿಕೊಳ್ಳುವ ವ್ಯವಸ್ಥೆಗೂ ಚಾಲನೆ ದೊರೆಯಿತು. ಇದರಿಂದ ಒಂದೇ ಸಿಮ್ ಇರುವ ಬಡವನಿಗೂ ಅನುಕೂಲವಿದೆ. ಆದರೆ ಗೋಪುರ ಒಂದೇ ಎಂಬುದೂ ನೆನಪಿರಬೇಕು.

ಪಂಚಾಯಿತಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಜತೆಗೆ ಇನ್ನು ಮುಂದೆ ಕೇಳಬಹುದಾದ ಪ್ರಶ್ನೆಗಳಿವೆ. ಪಂಚಾಯಿತಿಯ ಫೈಬರ್ ತುಂಡಾದರೆ ಬದಲಿ ಏನು? ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಎರಡು ಕಂಪನಿಗಳ ಸಿಮ್ ಇದೆಯೇ? ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ? ಕೊನೆಯ ಬಾರಿ ಅದನ್ನು ಪರೀಕ್ಷಿಸಿದ್ದು ಯಾವಾಗ?

ನೆನಪಿಡಬೇಕಾದ ಅಂಶಗಳು

ಒಂದು: ಎರಡನೆಯ ಸಂಪರ್ಕಕ್ಕೆ ಮೊದಲು ರೌಟರಿಗೆ ಬ್ಯಾಟರಿ.

ಎರಡು: ಎರಡನೆಯ ಸಂಪರ್ಕದ ಕಂಪನಿಯೂ ಬೇರೆ, ಮಾಧ್ಯಮವೂ ಬೇರೆ ಇರಲಿ.

ಮೂರು: ಎರಡು ತಂತಿಗಳಿದ್ದರೆ ಅವು ಬರುವ ಕಂಬ ಮತ್ತು ಹಾದಿಯನ್ನು ಹೋಗಿ ಕಣ್ಣಾರೆ ನೋಡಬೇಕು.

ನಾಲ್ಕು: ಪರ್ಯಾಯ ಸಿಮ್‌ನ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು. ಬಹುಕಾಲ ಬಳಸದ ಸಂಖ್ಯೆಯನ್ನು ಕಂಪನಿ ಹಿಂಪಡೆಯಬಹುದು.

ಐದು: ತಿಂಗಳಿಗೊಮ್ಮೆ ಮೊದಲ ಸಂಪರ್ಕವನ್ನು ಬೇಕೆಂದೇ ನಿಲ್ಲಿಸಿ, ಎರಡನೆಯದು ನಡೆಯುವುದೇ ಎಂದು ಪರೀಕ್ಷಿಸಬೇಕು.

ಐದನೆಯದನ್ನು ಮಾಡುವವರು ಕಡಿಮೆ. ಆದರೆ ಮಳೆಗಾಲಕ್ಕೆ ಮುನ್ನ ಕೆರೆಯ ಏರಿಯನ್ನು ನೋಡಿಬರುವುದು, ಬೇಸಿಗೆಗೆ ಮುನ್ನ ಮೋಟಾರು ಒಮ್ಮೆ ಓಡಿಸಿ ನೋಡುವುದು ಈ ಭಾಗದ ರೈತರಿಗೆ ರೂಢಿಯ ಕೆಲಸ. ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತ ಕುಳಿತಿರುವ ಸಣ್ಣ ಪೆಟ್ಟಿಗೆಗೂ ಅಷ್ಟೇ ಗಮನ ಸಲ್ಲಬೇಕು. ಎರಡನೆಯ ಬಾವಿಯಲ್ಲಿ ನೀರಿದೆಯೇ ಎಂದು ಮೊದಲನೆಯದು ಬತ್ತಿದ ಮೇಲೆ ನೋಡಹೋದರೆ ಅಷ್ಟರಲ್ಲಿ ಬೆಳೆ ಒಣಗಿರುತ್ತದೆ.